ಟಿಟ್ಟಿಭ ಹಕ್ಕಿ ಹಗಲೂ ರಾತ್ರಿ ಯಾಕೆ ಕೂಗುತ್ತದೆ

ಭೂಮಿ ಆಗಷ್ಟೇ ಆಗಿದ್ದ ಕಾಲ. ಬೆಟ್ಟಗಳಿಗೆ ಇನ್ನೂ ಹೆಸರಿರಲಿಲ್ಲ. ಹೊಳೆಗಳಿಗೆ ಇನ್ನೂ ದಾರಿ ಗೊತ್ತಿರಲಿಲ್ಲ. ಮಳೆ ಸುರಿಸೋದು ತನ್ನ ಕೆಲಸ ಅಂತ ಮೋಡಕ್ಕೇ ತಿಳಿದಿರಲಿಲ್ಲ ಅಂದರೆ ನೋಡು!

ಆಗ ಇಡೀ ಲೋಕಕ್ಕೆ ಇದ್ದದ್ದು ಒಂದೇ ಒಂದು ಒರತೆ. ಅದೂ ಬಂಡೆಯ ಸಂದಿಯಲ್ಲಿ, ಆಳದಲ್ಲಿ. ಮೇಲಿನಿಂದ ಬಗ್ಗಿ ನೋಡಿದರೆ ನೀರು ಕಾಣುತ್ತಿತ್ತು, ಬಾಯಿಗೆ ಸಿಗುತ್ತಿರಲಿಲ್ಲ. ಒಂದು ಸೋರೆಬುರುಡೆ, ಒಂದು ಉದ್ದನೆಯ ಬಳ್ಳಿ. ಬಳ್ಳಿಗೆ ಬುರುಡೆ ಕಟ್ಟಿ ಇಳಿಸಬೇಕು, ಎಳೆಯಬೇಕು, ಕುಡಿಯಬೇಕು. ಒಂದು ಸಲಕ್ಕೆ ಒಬ್ಬರು ಮಾತ್ರ.

"ಅಜ್ಜಿ, ನಾನು ಕೇಳಿದ್ದು ಕಂಪ್ಯೂಟರ್ ವಿಷಯ," ಅಂತ ಮುಖ ಊದಿಸಬೇಡ ಪ್ರಣತಿ. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಕಂಪ್ಯೂಟರ್ ಪಾಠ ಹೇಳಿದವಳು ನಾನು, ನನಗೆ ಗೊತ್ತಿಲ್ಲವೇ? ಒಂದೇ ಪೆಟ್ಟಿಗೆಯಲ್ಲಿ ಹಾಡು, ಆಟ, ಚಿತ್ರ ಎಲ್ಲ ಒಟ್ಟಿಗೆ ಹೇಗೆ ನಡೆಯುತ್ತವೆ ಅಂತ ತಾನೇ ನಿನ್ನ ಪ್ರಶ್ನೆ? ಅದನ್ನೇ ಹೇಳುತ್ತಿದ್ದೇನೆ. ಸುಮ್ಮನೆ ಕೇಳು.

ಸರಿ. ಒಂದು ಒರತೆ, ಲೋಕದ ತುಂಬ ಬಾಯಾರಿದವರು. ಏನಾಗುತ್ತದೆ? ಜಗಳ! ಆನೆ ನುಗ್ಗಿತು, ಮೊಲ ಕಾಲಿಗೆ ಸಿಕ್ಕಿತು, ನರಿ ಸಂದಿಯಲ್ಲಿ ತೂರಿಕೊಂಡಿತು. ಅರ್ಧ ನೀರು ನೆಲಕ್ಕೇ ಚೆಲ್ಲಿತು.

ಒಂದು ದಿನವಂತೂ ಕರಡಿ ಬುರುಡೆ ಹಿಡಿದು ಕೂತಿತು, ಕೋತಿ ಬಳ್ಳಿ ಹಿಡಿದು ಕೂತಿತು.

"ನೀನು ಬಳ್ಳಿ ಕೊಡು, ಆಮೇಲೆ ಬುರುಡೆ ಕೊಡುತ್ತೇನೆ," ಅಂದಿತು ಕರಡಿ.

"ಆಹಾ, ಬುದ್ಧಿವಂತ! ನೀನು ಬುರುಡೆ ಕೊಡು, ಆಮೇಲೆ ಬಳ್ಳಿ," ಅಂದಿತು ಕೋತಿ.

ಇವನು ಬಿಡ, ಅವನು ಕೊಡ. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಒಣ ಬಾಯಲ್ಲಿ ಒಬ್ಬರನ್ನೊಬ್ಬರು ಗುರಾಯಿಸಿಕೊಂಡು ಕೂತರು. ಹಿಂದೆ ನಿಂತವರಿಗೂ ಒಂದು ಹನಿ ಸಿಗಲಿಲ್ಲ.

ಆಗ ಮುಂದೆ ಬಂದವಳು ಟಿಟ್ಟಿಭ. ಬಯಲಲ್ಲಿ ಉದ್ದನೆಯ ಕಾಲಲ್ಲಿ ಓಡಾಡುತ್ತಾಳಲ್ಲ, ಅವಳೇ. ಆಗ ಅವಳ ಮುಖ ಬರೀ ಕಪ್ಪು, ಎಲ್ಲೂ ಒಂದು ಚೂರು ಕೆಂಪಿರಲಿಲ್ಲ. ಗಂಟಲು ಮಾತ್ರ ಆಗಲೂ ಜೋರು. "ಥೂ, ನಿಮ್ಮ ಹಟಕ್ಕೆ ಬೆಂಕಿ ಬೀಳ! ಬುರುಡೆ, ಬಳ್ಳಿ ಎರಡನ್ನೂ ಇಲ್ಲಿ ಇಡಿ," ಅಂದಳು. ಆ ದನಿಗೆ ಕರಡಿಯೇ ಬೆಚ್ಚಿಬಿದ್ದು ಇಟ್ಟುಬಿಟ್ಟಿತು.

"ಇನ್ನು ಮೇಲೆ ಯಾರೂ ತಾವಾಗಿ ಒರತೆ ಮುಟ್ಟುವ ಹಾಗಿಲ್ಲ. ನನ್ನನ್ನು ಕೇಳಬೇಕು. ಕೊಟ್ಟರೆ ಎರಡನ್ನೂ ಒಟ್ಟಿಗೆ ಕೊಡುತ್ತೇನೆ. ಬಂದವರು ಒಂದೊಂದು ಕಲ್ಲು ಸಾಲಿನಲ್ಲಿ ಇಡಿ, ಅದು ನಿಮ್ಮ ಪಾಳಿ. ನಾಲ್ಕು ಗುಟುಕು ಕುಡಿಯಿರಿ, ಸಾಲದಿದ್ದರೆ ಮತ್ತೆ ಹಿಂದೆ ಹೋಗಿ ಕಲ್ಲು ಇಡಿ."

ಒರತೆಯ ಪಕ್ಕ ಒಂದು ಬಂಡೆಯ ನೆರಳಿತ್ತು. ಚಿಕ್ಕ ನೆರಳು, ಎಲ್ಲರಿಗೂ ಜಾಗ ಸಾಲದು. ಅದಕ್ಕೂ ಅವಳೇ ಒಂದು ದಾರಿ ಮಾಡಿದಳು. ಪಾಳಿ ಹತ್ತಿರ ಬಂದವರು ನೆರಳಲ್ಲಿ ನಿಲ್ಲಬೇಕು. ಇನ್ನೂ ತಡ ಇರುವವರು ದೂರದ ಗುಡ್ಡದ ಗವಿಯಲ್ಲಿ ಮಲಗಬೇಕು. ಪಾಳಿ ಬಂದಾಗ ಗಾಳಿ ಹೋಗಿ ಎಬ್ಬಿಸಿ ಕರೆತರುತ್ತದೆ.

"ಆಗಲಿ ತಾಯಿ, ನನಗೂ ಒಂದು ಕೆಲಸ ಸಿಕ್ಕಿತು," ಅಂದಿತು ಗಾಳಿ.

ಎಷ್ಟು ಚೆನ್ನಾಗಿ ನಡೆಯಿತು ಅಂತೀಯ! ಟಿಟ್ಟಿಭ ಕೂಗುವಳು, ಒಬ್ಬರು ಕುಡಿಯುವರು. ಮತ್ತೆ ಕೂಗುವಳು, ಇನ್ನೊಬ್ಬರು ಕುಡಿಯುವರು. ಪಾಳಿ ಎಷ್ಟು ಬೇಗ ತಿರುಗುತ್ತಿತ್ತು ಅಂದರೆ, ದೂರದಿಂದ ನೋಡಿದವರಿಗೆ ಎಲ್ಲರೂ ಒಟ್ಟಿಗೇ ಕುಡಿಯುತ್ತಿದ್ದಾರೆ ಅನ್ನಿಸುತ್ತಿತ್ತು. ನಿನ್ನ ಹಾಡು, ಆಟ, ಚಿತ್ರ ಒಟ್ಟಿಗೆ ನಡೆಯುವುದೂ ಹೀಗೇ ಕಣೆ. ಪೆಟ್ಟಿಗೆಯೊಳಗೂ ಪಾಳಿ ಕರೆಯುವವಳು ಒಬ್ಬಳಿದ್ದಾಳೆ, ಅವಳಿಗೆ ಆಪರೇಟಿಂಗ್ ಸಿಸ್ಟಮ್ ಅಂತ ಹೆಸರಿಟ್ಟಿದ್ದಾರೆ. ಒರತೆ ಅಂದೆನಲ್ಲ, ಅದು ಲೆಕ್ಕ ಮಾಡುವ ಪ್ರೊಸೆಸರ್. ನೆರಳು ಅಂದೆನಲ್ಲ, ಅದು ಮೆಮೊರಿ. ಗವಿ ಅಂದೆನಲ್ಲ, ಅದು ಡಿಸ್ಕು. ತಿಳಿಯಿತಾ? ಪಾಠ ಇಷ್ಟೇ. ಕತೆ ಇನ್ನೂ ಇದೆ, ಎದ್ದು ಓಡಬೇಡ.

ಟಿಟ್ಟಿಭಕ್ಕೆ ಒಂದು ಮರಿ ಇತ್ತು. ಒಂದೇ ಒಂದು. ರೆಕ್ಕೆ ಇನ್ನೂ ಬಲಿತಿರಲಿಲ್ಲ, ತುಟ್ ತುಟ್ ಅಂತ ನಡೆಯುತ್ತಿತ್ತು. ಅದೂ ಎಲ್ಲರ ಹಾಗೆ ಒಂದು ಪುಟ್ಟ ಕಲ್ಲು ಕಚ್ಚಿಕೊಂಡು ಬಂದು ಸಾಲಿನಲ್ಲಿ ಇಟ್ಟಿತು.

ಟಿಟ್ಟಿಭ ಆ ಕಲ್ಲನ್ನು ಎತ್ತಿ ಎಲ್ಲರಿಗಿಂತ ಕೊನೆಗೆ ಇಟ್ಟಳು. "ಪಾಳಿ ಕರೆಯುವವಳ ಮಗ ನೀನು. ನಿನ್ನನ್ನು ಮೊದಲು ಕರೆದರೆ ನಾಳೆ ನನ್ನ ಮಾತು ಯಾರು ಕೇಳುತ್ತಾರೆ? ಸ್ವಲ್ಪ ತಡಕೋ ಕಂದ."

"ಆಯ್ತಮ್ಮ," ಅಂದಿತು ಮರಿ.

ಅವಳದ್ದು ಇನ್ನೊಂದು ಕಟ್ಟಳೆ ಇತ್ತು: ಆಪತ್ತಿನಲ್ಲಿ ಬಂದವರಿಗೆ ಮೊದಲು. ಅದು ತಪ್ಪಲ್ಲ ಬಿಡು. ಜಿಂಕೆ ನಾಲಗೆ ಚಾಚಿಕೊಂಡು ಓಡಿ ಬಂತು, ಪಾಪ, ಮುಂದೆ ಬಿಟ್ಟಳು. ಹಸು ಆಗತಾನೇ ಕರು ಹಾಕಿ ಬಂತು, ಪಾಪ, ಮುಂದೆ ಬಿಟ್ಟಳು. ಕಾಡುಕಿಚ್ಚಿನಲ್ಲಿ ಮೈ ಸುಟ್ಟುಕೊಂಡು ಮುಳ್ಳುಹಂದಿ ಬಂತು, ಪಾಪ, ಅದನ್ನೂ ಮುಂದೆ ಬಿಟ್ಟಳು.

ಪ್ರತಿ ಸಲವೂ ಕೊನೆಯ ಕಲ್ಲು ಇನ್ನೂ ಹಿಂದಕ್ಕೆ ಸರಿಯಿತು. ಮರಿ ಗವಿಯಿಂದ ನಡೆದು ನೆರಳಿಗೆ ಬರುವುದು, "ಇಲ್ಲ ಮಗ, ಇನ್ನೂ ಹೊತ್ತಿದೆ," ಅಂತ ಅಮ್ಮ ಹೇಳುವುದು, ಅದು ಮತ್ತೆ ಗವಿಗೆ ನಡೆಯುವುದು. ಹೋಗುವುದು, ಬರುವುದು. ಬರುವುದು, ಹೋಗುವುದು. ಇದ್ದ ಜೀವವೆಲ್ಲ ಆ ದಾರಿಗೇ ಆಯಿತು.

"ಅಮ್ಮ, ನನ್ನ ಪಾಳಿ?"

"ಇನ್ನೇನು ಬಂತು ಕಂದ."

"ಅಮ್ಮ, ನನ್ನ ಪಾಳಿ?"

"ಇನ್ನೇನು ಬಂತು, ಜಾಣ ನೀನು."

ಗಾಳಿಗೆ ತಡೆಯಲಾಗಲಿಲ್ಲ. ಟಿಟ್ಟಿಭದ ಕಿವಿಯ ಹತ್ತಿರ ಬಂದು ಹೇಳಿತು: "ತಾಯಿ, ನಿನ್ನ ಮಗನ ದನಿ ಸಣ್ಣಗಾಗಿದೆ. ಒಂದು ಗುಟುಕು ಕೊಟ್ಟುಬಿಡು. ಯಾರೂ ಏನೂ ಅನ್ನುವುದಿಲ್ಲ."

"ಅವನು ಕೂಗಿ ರಂಪ ಮಾಡಲಿಲ್ಲವಲ್ಲ? ಮೊಲದ ಮಕ್ಕಳು ನೋಡು, ಹೇಗೆ ಚೀರುತ್ತವೆ. ಅವನು ತಡೆಯುತ್ತಾನೆ," ಅಂದಳು.

ಅಯ್ಯೋ, ಅಲ್ಲೇ ಎಡವಿದಳು ನೋಡು! ಮೊಲದ ಮಕ್ಕಳಿಗೆ ಬಾಯಾರಿದರೆ ಜಗಳಕ್ಕೆ ಬರಲು ಅವುಗಳ ತಾಯಿ ಇದ್ದಳು. ನರಿಯ ಮಕ್ಕಳಿಗೂ ಇದ್ದಳು. ಈ ಮರಿಯ ಪರವಾಗಿ ಜಗಳಕ್ಕೆ ಬರಬೇಕಾದ ತಾಯಿಯೇ ಅಲ್ಲಿ ನಿಂತು ಪಾಳಿ ಕರೆಯುತ್ತಿದ್ದಳು.

"ಅಜ್ಜಿ, ಅವಳು ಕೆಟ್ಟವಳು," ಅಂತೀಯಾ? ಬಾಯಿ ಮುಚ್ಚು. ಕೆಟ್ಟವಳಾಗಿದ್ದರೆ ನಿನ್ನ ಅಜ್ಜಿ ಈ ಕತೆ ಹೇಳುತ್ತಲೇ ಇರಲಿಲ್ಲ. ಅವಳೂ ಹೊಟ್ಟೆ ತುಂಬ ನೀರು ಕುಡಿದಿರಲಿಲ್ಲ ಕಣೆ. ಎಲ್ಲರಿಗೂ ಸಿಗಲಿ, ಒಬ್ಬರ ಬಾಯಲ್ಲೂ ಮೋಸ ಅನ್ನುವ ಮಾತು ಬರದಿರಲಿ ಅಂತಲೇ ಒದ್ದಾಡಿದಳು.

ಆಮೇಲೆ ಮರಿ ಕೇಳುವುದನ್ನು ನಿಲ್ಲಿಸಿತು. ಗವಿಯಲ್ಲಿ ನಿದ್ದೆ ಮಾಡುತ್ತಿರಬೇಕು, ಮಲಗಲಿ, ಪಾಳಿ ಬಂದಾಗ ಎಬ್ಬಿಸಿದರಾಯಿತು ಅಂದುಕೊಂಡಳು. ಅವಳಿಗೆ ಒಂದಿಷ್ಟು ನೆಮ್ಮದಿಯೂ ಆಯಿತಂತೆ.

ಕೊನೆಗೊಮ್ಮೆ ಸಾಲು ಖಾಲಿಯಾಯಿತು. ಆನೆ ಕುಡಿದಾಗಿತ್ತು, ಇರುವೆ ಕುಡಿದಾಗಿತ್ತು. ಒಂದು ಪುಟ್ಟ ಕಲ್ಲು ಮಾತ್ರ ಉಳಿದಿತ್ತು. ಟಿಟ್ಟಿಭ ತಾನೇ ಬುರುಡೆ ಇಳಿಸಿದಳು, ಕೋತಿ ಜೊತೆಗೆ ಕೈಹಾಕಿತು. ತುಂಬಿದ ಬುರುಡೆ ಮೇಲೆ ಬಂತು. ಆ ದಿನಗಳಲ್ಲಿ ಅಷ್ಟು ಸಿಹಿಯಾಗಿ ಅವಳು ಯಾರನ್ನೂ ಕರೆದಿರಲಿಲ್ಲ: "ಬಾ ಕಂದ, ನಿನ್ನ ಪಾಳಿ ಬಂತು. ನಾಲ್ಕು ಗುಟುಕಲ್ಲ, ಪೂರ್ತಿ ನಿನಗೇ."

ಗಾಳಿ ಕರೆತರಲು ಗವಿಗೆ ಹೋಯಿತು. ತುಂಬ ಹೊತ್ತಾದ ಮೇಲೆ ಒಂಟಿಯಾಗಿ ಬಂತು.

"ಮಗ ಎಲ್ಲಿ?" ಅಂದಳು.

ಗಾಳಿ ಆ ಪುಟ್ಟ ಕಲ್ಲಿನ ಸುತ್ತ ಮೆಲ್ಲಗೆ ಸುತ್ತಿತು.

"ಎಬ್ಬಿಸಬೇಕಿತ್ತು! ಅವನಿಗೆ ಗಾಢ ನಿದ್ದೆ, ಜೋರಾಗಿ ಎಬ್ಬಿಸಬೇಕು," ಅಂದಳು.

"ಜೋರಾಗೇ ಎಬ್ಬಿಸಿದೆ ತಾಯಿ," ಅಂದಿತು ಗಾಳಿ.

ಅವಳು ಗವಿಗೆ ಓಡಿದಳು. ಹಾರಬಹುದಿತ್ತು, ಹಾರುವುದೇ ಮರೆತುಹೋಗಿ ಓಡಿದಳು. ಮರಿ ಬಾಗಿಲ ಕಡೆಗೆ ಮುಖ ಮಾಡಿ ಮಲಗಿತ್ತು. ಕರೆದರೆ ಬೇಗ ಬರೋಣ ಅಂತ ಹಾಗೆ ಮಲಗಿತ್ತೋ ಏನೋ. ಕೊಕ್ಕಿನಲ್ಲಿ ಹೊತ್ತು ತಂದ ನೀರನ್ನು ಅದರ ಬಾಯಿಗೆ ಬಿಟ್ಟಳು. ನೀರು ಪಕ್ಕಕ್ಕೆ ಹರಿದು ಹೋಯಿತು.

ಎಲ್ಲ ಪ್ರಾಣಿಗಳೂ ಬಂದು ನಿಂತವು. ಯಾರಿಗೂ ತಲೆ ಎತ್ತಲಾಗಲಿಲ್ಲ. ಆನೆ ಅಳುತ್ತ ಹೇಳಿತು: "ಒಂದು ಮಾತು ಹೇಳಬಾರದಿತ್ತಾ ತಾಯಿ? ನನ್ನ ಪಾಳಿ ಬಿಟ್ಟುಕೊಡುತ್ತಿದ್ದೆನಲ್ಲ!"

"ನೀನು ಬಿಟ್ಟುಕೊಡುವುದಲ್ಲ ಆನೆ," ಅಂದಳು ಟಿಟ್ಟಿಭ. "ಅವನು ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾನೆ ಅಂತ ನಾನು ಕೇಳಬೇಕಿತ್ತು."

ಅವಳು ಅತ್ತದ್ದು ಅಷ್ಟಿಷ್ಟಲ್ಲ. ಕಣ್ಣ ಮುಂದಿನ ಚರ್ಮ ಸುಲಿದು ಕೆಂಪಗಾಗುವವರೆಗೆ ಅತ್ತಳು. ಆ ಕೆಂಪು ಮತ್ತೆ ಹೋಗಲೇ ಇಲ್ಲ.

ಬೆಳಗಾಯಿತು. ಬಾಯಾರಿದವರು ಮತ್ತೆ ಬಂದರು. "ಈ ಕೆಲಸ ಬಿಟ್ಟುಬಿಡು ತಾಯಿ," ಅಂದಿತು ಗಾಳಿ. ಅವಳು ಬಿಡಲಿಲ್ಲ. ಬಿಟ್ಟರೆ ಮತ್ತೆ ತುಳಿದಾಟ, ಮತ್ತೆ ಯಾರ ಮಗುವಿನ ಜೀವವೋ. ಹೊಸ ಕಟ್ಟಳೆಯೊಂದನ್ನು ಸೇರಿಸಿದಳು: ಒಂದು ಕಲ್ಲು ಕಾದಷ್ಟೂ ಮುಂದಕ್ಕೆ ಸರಿಯಬೇಕು. ಎಷ್ಟೇ ಚಿಕ್ಕದಾಗಿರಲಿ, ಯಾರದ್ದೇ ಆಗಿರಲಿ, ಕಾದೂ ಕಾದೂ ಅದು ಆನೆಯ ಕಲ್ಲಿಗಿಂತ ಮುಂದೆ ಬರಬೇಕು. ಪೆಟ್ಟಿಗೆಯೊಳಗಿನವಳಿಗೂ ಈ ಕಟ್ಟಳೆ ಗೊತ್ತು ಪ್ರಣತಿ. ಕಾದ ಕೆಲಸ ಹಸಿದು ಸಾಯಬಾರದು ಅಂತ ಅದನ್ನು ಮೆಲ್ಲಗೆ ಮುಂದಕ್ಕೆ ತರುತ್ತಾಳೆ.

ಆ ಕಟ್ಟಳೆ ಬಂದ ಮೇಲೆ ಒರತೆಯ ಬಳಿ ಯಾರೂ ಸಾಯಲಿಲ್ಲ. ಅವಳ ಮಗನಿಗೆ ಮಾತ್ರ ಅದು ತಡವಾಗಿ ಬಂತು.

ಆಮೇಲೆ ಒಂದು ದಿನ ಮೋಡಕ್ಕೆ ತನ್ನ ಕೆಲಸ ತಿಳಿಯಿತು, ಮಳೆ ಸುರಿಯಿತು. ಹೊಳೆ ದಾರಿ ಹುಡುಕಿಕೊಂಡು ಹರಿಯಿತು. ಪ್ರಾಣಿಗಳೆಲ್ಲ ತಮಗೆ ಬೇಕಾದ ಕಡೆ ಚದುರಿ ಹೋದವು.

"ಇನ್ನು ಮಲಗು ತಾಯಿ," ಅಂದಿತು ಹೊಳೆ. "ಎಲ್ಲರಿಗೂ ಸಾಕಾಗುವಷ್ಟು ನಾನಿದ್ದೇನೆ. ಪಾಳಿ ಕರೆಯುವುದು ಬೇಡ."

"ಮಲಗುತ್ತೇನೆ," ಅಂದಳು ಟಿಟ್ಟಿಭ. "ಎಲ್ಲೋ ಒಂದು ಕಡೆ ಯಾರೋ ಒಬ್ಬರು ಕರೆಗಾಗಿ ಸುಮ್ಮನೆ ಕಾದಿದ್ದರೆ? ಒಂದು ಸಲ ನೋಡಿ ಬಂದು ಮಲಗುತ್ತೇನೆ."

ಹೊರಟವಳು ಮಲಗಲು ಬರಲೇ ಇಲ್ಲ.

ಅದಕ್ಕೇ ಮಗು, ಇವತ್ತಿಗೂ ಟಿಟ್ಟಿಭ ಮರ ಹತ್ತಿ ಬೆಚ್ಚಗೆ ಕೂರುವುದಿಲ್ಲ, ಬಯಲಲ್ಲೇ ಓಡಾಡುತ್ತದೆ, ನೀನು ಅತ್ತ ಹೋದರೆ ಹಗಲಾಗಲಿ ರಾತ್ರಿಯಾಗಲಿ ನಿನ್ನ ತಲೆಯ ಮೇಲೆ ಸುತ್ತಿ ಸುತ್ತಿ ಕೂಗುತ್ತದಲ್ಲ, ಅದು ಬೈಗುಳವಲ್ಲ, "ನೀನು ಎಷ್ಟು ಹೊತ್ತಿನಿಂದ ಕಾಯುತ್ತಿದ್ದೀಯ ಕಂದ?" ಅಂತ ಕೇಳುತ್ತಿರುವುದು.