ಅಮಲ್ದಾರರ ಕೈಬರಹ

ಕೆರೆ ಏರಿ ಬಿರುಕುಬಿಟ್ಟಿತ್ತು. ಕೂಡಲೇ ಮಣ್ಣು ಹಾಕಿಸದಿದ್ದರೆ ಕೆಳಗಿನ ಮನೆಗಳು ಉಳಿಯುತ್ತಿರಲಿಲ್ಲ. ಕೆರೆ ಕಾಯುವ ನೀರುಗಂಟಿ ಮುದ್ದಲಿಂಗ ಅರ್ಜಿ ಹಿಡಿದು ಕಚೇರಿಗೆ ಬಂದದ್ದು ಇದು ನಾಲ್ಕನೇ ಸಲ. ಮೊದಲು ಅಂಚು ಬಿಟ್ಟಿಲ್ಲವೆಂದು, ಆಮೇಲೆ ಶಾಯಿ ತೆಳುವೆಂದು, ಮತ್ತೊಮ್ಮೆ ತಾರೀಖು ಎಡಕ್ಕಿದೆಯೆಂದು ಅಮಲ್ದಾರ್ ಶೇಷಗಿರಿರಾಯರು ವಾಪಸು ಕಳಿಸಿದ್ದರು.

"ಬಿರುಕು ಅನ್ನೋದರಲ್ಲಿ ಕೊಂಬು ಗಿಡ್ಡವಾಗಿದೆ. ಬೇರೆ ಬರೆಸಿಕೊಂಡು ಬಾ" ಎಂದರು ಈ ಸಲ.

ಬಾಗಿಲಲ್ಲಿ ನಿಂತಿದ್ದ ಜವಾನ ಇಸ್ಮಾಯಿಲ್‌ಗೆ ಅಯ್ಯೋ ಅನ್ನಿಸಿತು.

ಮುದ್ದಲಿಂಗ ಕೈಮುಗಿದ. "ಬುದ್ಧಿ, ನಂಗೆ ಅಕ್ಷರ ಬರಾಕಿಲ್ಲ. ಬರ್ಕೊಡೋರಿಗೆ ನಿಮ್ಮಷ್ಟು ಬರಾಕಿಲ್ಲ. ತಪ್ಪಿಲ್ಲದ ಅರ್ಜಿ ಹೆಂಗಿರ್ತದೆ ಅಂತ ತಾವೇ ಒಂದು ಬರೆದು ತೋರಿಸಿ."

ರಾಯರು ಹಿಗ್ಗಿಹೋದರು. ಒಳ್ಳೇ ಕಾಗದ ತೆಗೆದು, ಅಂಚು ಬಿಟ್ಟು, ಮುತ್ತಿನಂಥ ಅಕ್ಷರದಲ್ಲಿ ಇಡೀ ಅರ್ಜಿ ಬರೆದರು. "ನೋಡಿಕೋ!" ಎಂದು ಕೊಟ್ಟರು.

ಮುದ್ದಲಿಂಗ ಅದರ ಕೆಳಗೆ ಹೆಬ್ಬೆಟ್ಟು ಒತ್ತಿ, ಎರಡೂ ಕೈಯಲ್ಲಿ ಅವರ ಮುಂದೆಯೇ ಹಿಡಿದ.

"ನನ್ನ ಅರ್ಜಿ, ಬುದ್ಧಿ."

ರಾಯರು ಕನ್ನಡಕ ಏರಿಸಿದರು. ಓದಿದರು. ಮತ್ತೆ ಓದಿದರು. ತಪ್ಪು ಸಿಕ್ಕರೆ ಅದು ತಮ್ಮದೇ. ಇಸ್ಮಾಯಿಲ್ ಬಾಗಿಲಿಂದಲೇ ಕತ್ತು ಚಾಚಿ ನೋಡಿದ.

"ಹೆಬ್ಬೆಟ್ಟು ಕೊಂಚ ಓರೆ" ಎಂದರು ಕೊನೆಗೆ.

"ಬೆರಳೇ ಹಂಗೆ ಬುದ್ಧಿ. ತೂಬಿನ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗ್ಯದೆ."

ರಾಯರು ಮಂಜೂರಿಯ ರುಜು ಹಾಕಿದರು.

ಹದಿನೆಂಟು ವರ್ಷದ ನೌಕರಿಯಲ್ಲಿ ಇಸ್ಮಾಯಿಲ್ ಇಂಥದ್ದನ್ನು ಕಂಡಿರಲಿಲ್ಲ. ಅಮಲ್ದಾರರಿಗೆ ಮಾತ್ರ ಸರಿಸುತ್ತಿದ್ದ ಬಾಗಿಲ ಪರದೆಯನ್ನು ಅವನು ಮುದ್ದಲಿಂಗನಿಗಾಗಿ ಎತ್ತಿ ಹಿಡಿದು, ಬರಿಗಾಲಿನ ಆ ಮನುಷ್ಯ ಮೆಟ್ಟಿಲಿಳಿದು ಹೋಗುವವರೆಗೂ ತಲೆಬಾಗಿ ನಿಂತಿದ್ದ.