ಹೆಪ್ಪು ಕೊಟ್ಟ ರೌಟರ್

ರಿಪೇರಿ ಅಂಗಡಿಯಲ್ಲಿ ಹೊಸ ರೌಟರೊಂದು ಕೆಟ್ಟು ಕೂತಿತ್ತು. ಪಕ್ಕದ ಹಳೆ ರೌಟರಿನ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಲಿನಕ್ಸ್ ಕೋಡನ್ನೇ ತೆಗೆದುಕೊಂಡು, ಒಂದಿಷ್ಟು ತಿದ್ದಿ, ಬರೆದವರ ಹೆಸರು ಅಳಿಸಿ, ಬೀಗ ಜಡಿದುಕೊಂಡಿದ್ದ ಪೆಟ್ಟಿಗೆ ಅದು. ಈಗ ರೋಗ ಒಳಗೆ, ವೈದ್ಯರು ಹೊರಗೆ ಎಂಬಂತಾಗಿತ್ತು ಅದರ ಗತಿ.

"ಅಜ್ಜಾ, ನಿಮಗೂ ಇದೇ ರೋಗ ಬಂದಿತ್ತಂತೆ. ಹೇಗೆ ವಾಸಿಯಾಯಿತು?" ಎಂದು ಹಳೆಯದನ್ನು ಕೇಳಿತು.

"ನನ್ನ ಬಾಗಿಲು ತೆರೆದಿತ್ತು ಮಗು. ಯಾರೋ ಪುಣ್ಯಾತ್ಮರು ಬಂದು ಸರಿಮಾಡಿದರು. ಆ ಮದ್ದು ನೀನೂ ತಗೋ. ಆದರೆ ಹೆಪ್ಪು ಈಸಿಕೊಂಡ ಮನೆಯವರು, ಕೇಳಿ ಬಂದವರಿಗೆ ಹೆಪ್ಪು ಇಲ್ಲವೆನ್ನಬಾರದು."

ಹೊಸದು ನಾಚಿ ಬೀಗ ತೆಗೆಯಿತು. ಅಳಿಸಿದ ಹೆಸರುಗಳನ್ನೆಲ್ಲ ಮತ್ತೆ ಬರೆದು, ಮದ್ದು ಪಡೆದು ಕೈಮುಗಿಯಿತು. ಹೊಸದು ಮೊದಲು ಕೋಡಿನಲ್ಲಿ ಮಾಡಿಕೊಂಡಿದ್ದ ತಿದ್ದುಪಡಿಯನ್ನು ಈಗ ಕಂಡ ಹಳೆಯದು, ಅದನ್ನು ತಾನೂ ಹಾಕಿಕೊಂಡಿತು. ಎಂದೂ ಮಹಡಿ ಹತ್ತದ ಅದರ ಸಿಗ್ನಲ್ ಅಂದು ಹತ್ತಿತು.

"ನಿನ್ನ ಹೊಟ್ಟೆ ತಣ್ಣಗಿರಲಿ," ಎಂದಿತು ಹಳೆಯದು. "ಆ ಹೆಸರುಗಳ ಕೆಳಗೆ ನಿನ್ನದನ್ನೂ ಬರಿ."