ಬದನೆ ಸಸಿಗಾಗಿ ಆಣೆ

ಮಲಪ್ರಭೆಯ ದಂಡೆಯ ಹಿರೇಕಲ್ಲೂರಿನಲ್ಲಿ ಪೂಜ್ಯ ಗಂಗಯ್ಯಜ್ಜನವರ ಮಠವೆಂದರೆ ಮಣ್ಣಿನ ಗೋಡೆಯ ಎರಡು ಅಂಕಣ, ಹಿರಿಯ ಗುರುಗಳ ಗದ್ದುಗೆ, ಹಿಂದೆ ದಾಸೋಹಕ್ಕೆ ಬೇಕಾದ ಕಾಯಿಪಲ್ಲೆಯ ಮಡಿಗಳು, ಇಷ್ಟೇ. ಪೂಜೆ ಮುಗಿಯಿತೆಂದರೆ ಅಜ್ಜನವರು ಕಾವಿಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಮಡಿಗಳಲ್ಲಿ ಕೂತುಬಿಡುತ್ತಿದ್ದರು. ದರ್ಶನಕ್ಕೆ ಬಂದವರು ಅಲ್ಲಿಗೇ ಹೋಗಬೇಕು. ಆಶೀರ್ವದಿಸುವ ಕೈಗೆ ಸದಾ ಮಣ್ಣು ಮೆತ್ತಿರುತ್ತಿತ್ತು.

ಒಂದು ಸಂಜೆ ನೀಲವ್ವ ಬಿರುಗಾಳಿಯಂತೆ ಅಲ್ಲಿಗೆ ಬಂದಳು. ಹಿಂದೆಯೇ ತುಟಿ ಬಿಗಿದುಕೊಂಡು ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಕಲ್ಲವ್ವ. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಒಂದೇ ಹಿತ್ತಲಿನ ನಡುವೆ ಮುಳ್ಳುಬೇಲಿ ಎದ್ದಿತ್ತು.

"ಅಜ್ಜಾರ, ಈಕಿ ಕಡೆ ಗದ್ದಿಗಿ ಮುಟ್ಟಿಸಿ ಆಣಿ ಮಾಡಸ್ರಿ! ನನ್ನ ಬದನಿ ಸಸಿ ದಿನಾ ರಾತ್ರಿ ಕುಡಗೋಲಿಲೆ ಕೊಯ್ಯಾಕತ್ಯಾಳ."

"ನಾ ಯಾಕ ಕೊಯ್ಯಲಿ?" ಎಂದಳು ಕಲ್ಲವ್ವ. ಅಷ್ಟೇ.

ಅಜ್ಜನವರ ಮುಖ ಗಂಭೀರವಾಯಿತು. ಗದ್ದುಗೆಯ ಮುಂದೆ ಆಣೆ ಬಿದ್ದ ಮನೆಗಳು ಮತ್ತೆ ನೀರನ್ನೂ ಕೊಟ್ಟು ತೆಗೆದುಕೊಳ್ಳುತ್ತಿರಲಿಲ್ಲ. ಇದನ್ನು ಅವರು ಕಣ್ಣಾರೆ ಕಂಡಿದ್ದರು.

"ಕೊಯ್ದ ಸಸಿ ಒಯ್ದಿರತಾರೋ, ಅಲ್ಲೇ ಬಿದ್ದಿರತಾವೋ?"

"ಅಲ್ಲೇ ಬಿದ್ದಿರತಾವ್ರಿ. ಉಣ್ಣಾಕಲ್ಲ, ಮಾರಾಕಲ್ಲ, ಬರೇ ನನ್ನ ಹೊಟ್ಟಿ ಉರಸಾಕ!"

ಅಜ್ಜನವರು ಮುಗುಳ್ನಕ್ಕರು. "ಆಣಿ ಆಮೇಲೆ. ಮುಂಜಾನೆ ನಾನೇ ನಿಮ್ಮ ಹಿತ್ತಲಕ್ಕ ಬರತೀನಿ."

ನೀಲವ್ವ ಗೊಣಗುತ್ತ ಹೋದಳು. ಮುದುಕರಿಗೆ ಆಣೆ ಮಾಡಿಸುವ ಧೈರ್ಯವಿಲ್ಲ, ಜಾರಿಕೊಂಡರು ಎಂದೇ ಅವಳ ಅನಿಸಿಕೆ.

ಆದರೆ ಹೊತ್ತು ಹುಟ್ಟುವಾಗಲೇ ಅಜ್ಜನವರು ಬಾಗಿಲಲ್ಲಿದ್ದರು. ಆ ರಾತ್ರಿಯೂ ಸಸಿಗಳು ಬುಡಕ್ಕೇ ತುಂಡಾಗಿ ಬಿದ್ದಿದ್ದವು. "ನೋಡ್ರಿ ಮತ್ತ!" ಎಂದು ನೀಲವ್ವ ಬೇಲಿಯ ಕಡೆ ಕೈ ಚಾಚಿದಳು. ಆಚೆ ಕಲ್ಲವ್ವ ನಿಂತಿದ್ದಳು.

ಅಜ್ಜನವರು ಬೇಲಿಯತ್ತ ನೋಡಲಿಲ್ಲ. ಬಿದ್ದ ಸಸಿಯೊಂದರ ಪಕ್ಕದಲ್ಲಿ ಕೂತು, "ಇಲ್ಲಿ ಬೆರಳಿಟ್ಟು ಕೆದರವ್ವ" ಎಂದರು.

ನೀಲವ್ವ ಒಲ್ಲದ ಮನಸ್ಸಿನಿಂದ ಕೆದರಿದಳು. ಮೇಲಿನ ಮಣ್ಣು ಸರಿದದ್ದೇ ತಡ, ಬೂದುಗಪ್ಪಿನ ದಪ್ಪ ಹುಳುವೊಂದು ಕಂಡಿತು. ಬೆರಳು ತಾಗಿದೊಡನೆ ಚಕ್ಕುಲಿಯಂತೆ ಸುತ್ತಿಕೊಂಡಿತು. ಪಕ್ಕದ ಬುಡದಲ್ಲೂ ಒಂದು. ಅದರಾಚೆಯೂ.

"ಸಸಿ ಕತ್ತರಿಸೋ ಹುಳ ಇದು. ರಾತ್ರಿ ಕೊಯ್ತಾನ, ಹಗಲೆಲ್ಲ ಬುಡದಾಗ ಮಲಗತಾನ. ಈಗ ಹೇಳವ್ವ, ಯಾರ ಕಡೆ ಆಣಿ ಮಾಡಸಲಿ?"

ನೀಲವ್ವನ ಮುಖ ಇಳಿದುಹೋಯಿತು. ಮೆಲ್ಲನೆ ಕೇಳಿದಳು: "ಇದಕ್ಕ ಏನು ಮಾಡಲ್ರಿ?"

"ಸಂಜೀಕ ಸಾಲಿನ ನಡುವ ಹಸಿಹುಲ್ಲಿನ ಗುಡ್ಡಿ ಇಡು. ಬೆಳಗಾಗೋದರಾಗ ಹುಳ ಅದರ ಕೆಳಗ ಸೇರತಾವ. ಬಿಸಲು ಏರೋ ಮೊದಲ ಎತ್ತಿ ಆರಿಸು. ಬುಡದ ಮಣ್ಣು ಸಡಲ ಮಾಡು, ಗೊರವಂಕ ಹಕ್ಕಿ ತಾವಾಗೇ ಬಂದು ಹುಳ ಹೆಕ್ಕತಾವ."

"ಹುಳ ಸಾಯಿಸಿದ್ರ ಪಾಪ ಬರಾಂಗಿಲ್ಲೇನ್ರಿ?"

"ಗೊರವಂಕಕ್ಕೂ ಹೊಟ್ಟಿ ಐತಿ. ಶಿವ ಅದಕ್ಕೂ ಪ್ರಸಾದ ಇಡಬೇಕಲ್ಲ!"

ಬೇಲಿಯಾಚೆ ಕಿಸಕ್ಕನೆ ನಗು ಕೇಳಿಸಿತು. ನೀಲವ್ವ ಎದ್ದು ಅತ್ತ ನಡೆದು, ಕಣ್ಣು ತುಂಬಿ, "ಅಕ್ಕಾ, ನಿನ್ನ ಮ್ಯಾಲ ಸುಳ್ಳ ಹೊರಿಸಿದ್ನಿ..." ಎನ್ನುವಷ್ಟರಲ್ಲಿ ಕಲ್ಲವ್ವ ತಡೆದಳು.

"ತಡಿ ಮಾರಾಯ್ತಿ. ನನ್ನ ಮೆಣಸಿನ ಸಸಿನೂ ಹಿಂಗ ಬಿದ್ದಾವ. ನಾ ನೀನ ಅಂತ ತಿಳಕೊಂಡಿದ್ನಿ! ನಿನ್ನೆ ಮಠಕ್ಕ ಬಂದದ್ದು ನಿನ್ನ ಕಡೆ ಆಣಿ ಮಾಡಸಾಕ. ನೀ ಮೊದಲ ಬಾಯಿ ತೆಗದಿ."

ಅಜ್ಜನವರು ನಕ್ಕರು. ಕೊರಳ ರುದ್ರಾಕ್ಷಿ ಕುಣಿಯುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗುತ್ತಲೇ ನೀಲವ್ವ ಆ ಪಾದಗಳಿಗೆರಗಿದಳು; ಜಾರಿಕೊಂಡರೆಂದು ತಾನು ಭಾವಿಸಿದವರು ಎರಡು ಮನೆಗಳನ್ನು ಹಿಡಿದು ನಿಲ್ಲಿಸಿದ್ದರೆಂಬುದು ಅವಳಿಗೆ ಆಗ ಹೊಳೆಯಿತು. "ಮಡಿಗೆ ನೀರು ಬಿಡೋದೈತಿ" ಎಂದು ಅಜ್ಜನವರು ಹೊರಟೇಬಿಟ್ಟರು.

ಆ ಸಂಜೆ ಇಬ್ಬರೂ ಕೂಡಿಯೇ ಹುಲ್ಲು ಕೊಯ್ದು ತಂದರು. ಹೊರೆ ಹೊತ್ತು ಸುತ್ತು ಹಾಕುವುದೇಕೆಂದು ಬೇಲಿಯ ಮುಳ್ಳನ್ನು ಒಂದಿಷ್ಟು ಎಳೆದು ದಾರಿ ಮಾಡಿದರು. ಕೆಲಸ ಮುಗಿದಾಗ, ಬೇರೆಯಾದ ಮೇಲೆ ಮೊದಲ ಸಲ, ನೀಲವ್ವ ಕಲ್ಲವ್ವನ ಒಲೆಯ ಮುಂದೆ ಊಟಕ್ಕೆ ಕೂತಳು. ರೊಟ್ಟಿ ಮುರಿಯುವ ಮುನ್ನ ಮಠದ ದಿಕ್ಕಿಗೆ ತಿರುಗಿ ಕೈಮುಗಿದಳು, ಎಷ್ಟು ಹೊತ್ತಾದರೂ ಕೈ ಇಳಿಸಲಿಲ್ಲ.

"ಉಣ್ಣ, ಪಲ್ಯ ಆರತೈತಿ" ಎಂದು ಕಲ್ಲವ್ವ ಗದರಿದಳು.